ಸಭೆ ಮುಗಿದ ವೇಳೆ

ನಮ್ಮ ಸ್ನಾತಕೋತ್ತರ ಕೇಂದ್ರದ ಆಡಳಿತ ಸಮಿತಿಯಲ್ಲಿ ಬೋಧಕೇತರ ಸಿಬ್ಬಂದಿಗೂ ಒಂದು ಕುರ್ಚಿ ಕೊಡತಕ್ಕದ್ದು ಎಂದು ವಿಶ್ವವಿದ್ಯಾಲಯದ ಮುಖ್ಯ ಕಚೇರಿಯಿಂದ ಆದೇಶ ಬಂದ ದಿನ, ಚಳ್ಳಕೆರೆಯ ಹೊರಗಿನ ನಮ್ಮ ಬಯಲಿನಲ್ಲಿ ಯಾವ ಪವಾಡವೂ ನಡೆಯಲಿಲ್ಲ. ಗಾಳಿ ಎಂದಿನಂತೆ ಬೀಸಿತು. ಧೂಳು ಎಂದಿನಂತೆ ಬಂದು ಕಡತಗಳ ಮೇಲೆ ಕೂತಿತು. ಸೂಪರಿಂಟೆಂಡೆಂಟ್ ಆದ ನಾನು ಕನ್ನಡಕ ಒರೆಸಿಕೊಂಡು, ಆದೇಶ ಓದಿ, ಕಚೇರಿಯ ಮೊಹರು ಒತ್ತಿ, ಸಕಲ ಮರ್ಯಾದೆಗಳೊಂದಿಗೆ ಅದನ್ನು ಸೂಚನಾ ಫಲಕಕ್ಕೆ ಅಂಟಿಸಿದೆ. ಅದರ ಪಕ್ಕದಲ್ಲಿ, ಹಾಸ್ಟೆಲಿನಲ್ಲಿ ಕಳೆದುಹೋದ ಒಂದು ಟಿಫಿನ್ ಡಬ್ಬಿಯ ಪ್ರಕಟಣೆ ಇತ್ತು. ಜನ ಡಬ್ಬಿಯ ಬಗ್ಗೆಯೇ ಹೆಚ್ಚು ವಿಚಾರಿಸಿದರು.

ಆದೇಶದ ಕೊನೆಯಲ್ಲಿ ಒಂದು ಷರತ್ತು ಇತ್ತು. ಸಿಬ್ಬಂದಿಯ ಸೌಲಭ್ಯಕ್ಕೆ ಸಂಬಂಧಪಟ್ಟ ಯಾವುದೇ ಬದಲಾವಣೆಯನ್ನು ಸಿಬ್ಬಂದಿ ಪ್ರತಿನಿಧಿಯ ಸಮ್ಮತಿಯೊಂದಿಗೇ ಮಾಡಬೇಕು; ಸಮ್ಮತಿ ಇಲ್ಲದಿದ್ದರೆ ವಿಷಯವನ್ನು ಮುಖ್ಯ ಕಚೇರಿಯ ಪರಿಷತ್ತಿಗೆ ಕಳಿಸಬೇಕು. ಪರಿಷತ್ತಿಗೆ ಹೋದ ವಿಷಯಗಳ ಗತಿ ನಮಗೆಲ್ಲ ಗೊತ್ತಿತ್ತು. ನಮ್ಮ ಹಳೆಯ ಕಾವಲುಗಾರ ತನಗೊಂದು ಟಾರ್ಚು ಬೇಕೆಂದು ಕೊಟ್ಟ ಅರ್ಜಿ ಒಮ್ಮೆ ಅಲ್ಲಿಗೆ ಹೋಗಿತ್ತು. ಆತ ನಿವೃತ್ತನಾಗಿ, ಮೊಮ್ಮಕ್ಕಳ ಮದುವೆ ಮಾಡಿ, ಈಗ ಹಗಲಲ್ಲೇ ಕಣ್ಣು ಕಾಣದೆ ಕೂತಿದ್ದಾನೆ. ಟಾರ್ಚು ಇನ್ನೂ ಪರಿಶೀಲನೆಯಲ್ಲಿದೆ.

ಕುರ್ಚಿ ಬಂತು, ಕೂರುವವರು ಬೇಕಾಯಿತು. ಊಟದ ವಿರಾಮದಲ್ಲಿ ಸಿಬ್ಬಂದಿಯೆಲ್ಲ ಕ್ಯಾಂಟೀನಿನ ಹಿಂದಿನ ಬೇವಿನ ಮರದ ಕೆಳಗೆ ಸೇರಿದರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಮಗಳ ಬಾಣಂತನ, ಇನ್ನೊಬ್ಬರಿಗೆ ಸಾಹೇಬರ ಎದುರು ಕೂತರೆ ಬೆವರು. ಕೊನೆಗೆ ಮೊಳಕಾಲ್ಮೂರಿನ ಬಸ್ ಓಡಿಸುವ ನಮ್ಮ ಡ್ರೈವರ್ ಎದ್ದು ನಿಂತ.

"ಸಾರ್, ನಮ್ ಲೈಬ್ರರಿ ಅಕ್ಕನ್ನ ಕಳ್ಸಿ. ಮೊಳಕಾಲ್ಮೂರಲ್ಲಿ ಹತ್ತಿ ಬಾಯಿ ತೆಗೆದ್ರೆ ಚಳ್ಳಕೆರೇಲಿ ಇಳಿದ ಮೇಲೇ ಮುಚ್ಚೋದು. ನಂಗೆ ನನ್ ಇಂಜಿನ್ ಸೌಂಡೇ ಕೇಳ್ಸಲ್ಲ."

"ಕೇಳ್ಸದೇ ಇರೋದೇ ವಾಸಿ ಕಣಪ್ಪ," ಎಂದಳು ಲೈಬ್ರರಿ ಅಕ್ಕ. "ಕೇಳ್ಸಿದ್ರೆ ಜನ ಇಳ್ದು ನಡ್ಕಂಡ್ ಹೋಗ್ತಾರೆ."

ನಗುವಿನ ನಡುವೆ ಆಯ್ಕೆ ನಡೆದೇಹೋಯಿತು. ಬಾಯಿ ಇದ್ದವರು ಸಭೆಗೆ ಹೋಗಲಿ ಎಂಬುದು ಎಲ್ಲರ ತರ್ಕ. ನಾನೂ ಅದನ್ನು ಸಮಂಜಸವೆಂದೇ ಭಾವಿಸಿ ದಾಖಲಿಸಿಕೊಂಡೆ.

ಆಕೆ ಗ್ರಂಥಾಲಯದ ಗುತ್ತಿಗೆ ಅಟೆಂಡರ್. ಬೆಳಿಗ್ಗೆ ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಹುಡುಗರು ಎಳೆದು ಬಿಸಾಡಿದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು, ಗಟ್ಟಿಯಾಗಿ ಮಾತಾಡುವವರನ್ನು ಅವರಿಗಿಂತ ಗಟ್ಟಿಯಾಗಿ ಗದರುವುದು ಆಕೆಯ ಕೆಲಸ. ಊರು ಸಿದ್ದಾಪುರದ ಆಚೆಯ ಒಂದು ಹಟ್ಟಿ. ಕುರಿ ಸಾಕುವ ಮನೆತನ. ಸುಗ್ಗಿ ಮುಗಿದ ಮೇಲೆ ಗಂಡ ಮಂದೆ ಹೊಡೆದುಕೊಂಡು ದೂರದ ಹೊಲಗಳ ಕಡೆಗೆ ಹೋಗುತ್ತಾನೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಹಾಲು ಬಿಡದ ಮರಿಗಳು. ಅವನ್ನು ಬಿಟ್ಟು ಚಳ್ಳಕೆರೆಯಲ್ಲಿ ಮನೆ ಮಾಡುವ ಹಾಗಿಲ್ಲ. ಹಟ್ಟಿಯಿಂದ ಮೊಳಕಾಲ್ಮೂರಿಗೆ ಆಟೋ, ಅಲ್ಲಿಂದ ನಮ್ಮ ಕೇಂದ್ರದ ಬಸ್ಸು. ಹೀಗೆ ಎಷ್ಟೋ ವರ್ಷಗಳಿಂದ ನಡೆದಿತ್ತು.

ಮೊದಲ ಸಭೆಯ ಕಾರ್ಯಸೂಚಿ ಬಂದಾಗ ಬೇವಿನ ಮರದ ಕೆಳಗಿನ ನಗು ನಿಂತಿತು. ಮೂರನೆಯ ವಿಷಯ: 'ಕೇಂದ್ರದ ವಾಹನದ ಸಮರ್ಪಕ ಮರುಬಳಕೆ.' ಇದನ್ನು ಕನ್ನಡಕ್ಕೆ ಇಳಿಸಿದರೆ, ಮೊಳಕಾಲ್ಮೂರಿನ ಬಸ್ಸು ನಿಲ್ಲುತ್ತದೆ. ಅದನ್ನು ಮುಖ್ಯ ಕಚೇರಿಯವರು ತಮ್ಮ ಅತಿಥಿಗಳನ್ನು ಸಾಗಿಸಲು ಒಯ್ಯುತ್ತಾರೆ.

ಬಸ್ಸು ಹೋದರೆ ಹತ್ತುವವರಿಗೆಲ್ಲ ಕಷ್ಟವೇ. ಆದರೆ ಕಷ್ಟದಲ್ಲೂ ದರ್ಜೆಗಳುಂಟು. ಮೊಳಕಾಲ್ಮೂರಿನಿಂದ ಹೊರಡುವ ಸರ್ಕಾರಿ ಬಸ್ಸು ನಮ್ಮ ಗೇಟು ತಲುಪುವುದು ಹಾಜರಿಗೆ ಬೆರಳೊತ್ತುವ ಯಂತ್ರದ ವೇಳೆ ಮೀರಿದ ಮೇಲೆ. ಖಾಯಂ ನೌಕರ ತಡವಾಗಿ ಬಂದರೆ ಅರ್ಧ ದಿನದ ರಜೆ ಕಳೆಯುತ್ತಾರೆ. ಗುತ್ತಿಗೆಯವರು ತಡವಾಗಿ ಬಂದರೆ ಬೇಸಿಗೆಯಲ್ಲಿ ಗುತ್ತಿಗೆ ನವೀಕರಿಸುವುದಿಲ್ಲ. ಆ ಬಸ್ಸಿನಲ್ಲಿದ್ದ ಗುತ್ತಿಗೆಯವರಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವ ಕೆಲಸ ಇದ್ದದ್ದು ಒಬ್ಬಳಿಗೇ. ಬಸ್ಸು ನಿಂತರೆ ಆಕೆಯ ಕೆಲಸ ಹೋಯಿತು. ಇದನ್ನು ತಿಳಿಯಲು ಯಾರೂ ಸ್ನಾತಕೋತ್ತರ ಪದವಿ ಪಡೆಯಬೇಕಾಗಿರಲಿಲ್ಲ.

"ನೀನೇ ಸಮಿತೀಲಿ ಇದೀಯಲ್ಲಕ್ಕ, ಬಾಯಿ ಬಿಡು ಸಾಕು," ಎಂದು ಎಲ್ಲರೂ ಹೇಳಿದರು. ಆಕೆ ತಲೆಯಾಡಿಸಿದಳು.

ಸಭೆಯ ದಿನ ಆಕೆ ಹಸಿರು ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದಳು. ಸಭಾಂಗಣ ಎಂದು ನಾವು ಕರೆಯುವುದು ಉದ್ದನೆಯ ಮೇಜಿರುವ ಒಂದು ಕೋಣೆಯನ್ನು. ತಲೆಯ ಭಾಗದಲ್ಲಿ ನಿರ್ದೇಶಕರು, ಅಂದರೆ ಅಧ್ಯಕ್ಷರು. ಅವರ ಬಲಕ್ಕೆ ಮುಖ್ಯ ಕಚೇರಿಯಿಂದ ಕಾರಿನಲ್ಲಿ ಬಂದ ಹಣಕಾಸು ಅಧಿಕಾರಿ. ಎಡಕ್ಕೆ ವಿಭಾಗಗಳ ಮುಖ್ಯಸ್ಥರು. ಬಾಗಿಲ ಹತ್ತಿರ ಹೊಸ ಕುರ್ಚಿಯಲ್ಲಿ ಆಕೆ. ಆಕೆಯ ಪಕ್ಕದಲ್ಲಿ ನಡಾವಳಿ ಪುಸ್ತಕ ಹಿಡಿದ ನಾನು. ಸಮಿತಿಯ ಕಾರ್ಯದರ್ಶಿ ಎಂದರೆ ಬರೆಯುವ ಅಧಿಕಾರ ಉಂಟು, ಬಾಯಿ ಬಿಡುವ ಅಧಿಕಾರ ಇಲ್ಲ. ಈ ಸ್ಥಾನಕ್ಕೆ ನನ್ನ ಸ್ವಭಾವ ಹೇಳಿ ಮಾಡಿಸಿದ್ದು.

ಮೂರನೆಯ ವಿಷಯ ಬಂತು. ಹಣಕಾಸು ಅಧಿಕಾರಿ ಓದಿದರು. ಮುಖ್ಯಸ್ಥರೊಬ್ಬರು "ಒಳ್ಳೇದೇ" ಎಂದರು. ನಾನು ಓರೆಗಣ್ಣಿನಿಂದ ಆಕೆಯ ಕಡೆ ನೋಡಿದೆ. ಆಕೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಅಧ್ಯಕ್ಷರ ಮುಖವನ್ನೇ ನೋಡುತ್ತ ಕೂತಿದ್ದಳು. ಬಾಯಿ ಬಿಡಲಿಲ್ಲ. ನಾನು ಕೆಮ್ಮಿದೆ. ಬಿಡಲಿಲ್ಲ. ಪೆನ್ನು ಬೀಳಿಸಿ ಎತ್ತಿಕೊಂಡೆ. ಬಿಡಲಿಲ್ಲ.

"ಸರಿ, ಯಾರದೂ ಆಕ್ಷೇಪ ಇಲ್ಲ," ಎಂದು ಅಧ್ಯಕ್ಷರು ಕಡತದ ಹಾಳೆ ತಿರುಗಿಸಿದರು. "ಮುಂದಿನದು?"

ಮುಂದಿನದು ಹಾಸ್ಟೆಲ್ ನೀರಿನ ಟ್ಯಾಂಕು. ಅದರ ಮೇಲೆ ಬಹಳ ಹೊತ್ತು ಚರ್ಚೆಯಾಯಿತು, ಏಕೆಂದರೆ ಟ್ಯಾಂಕಿನ ಬಗ್ಗೆ ಎಲ್ಲರಿಗೂ ಅಭಿಪ್ರಾಯಗಳಿದ್ದವು. ಆಮೇಲೆ ಎಲ್ಲರೂ ಎದ್ದು, ಕುರ್ಚಿಗಳನ್ನು ಕರಕರ ಎಳೆದು, ಚಹಾಕ್ಕೆ ಹೋದರು.

ನಾನು ಕಡತಗಳನ್ನು ಕಚೇರಿಗೆ ಸಾಗಿಸಿ, ಕೋಣೆಗೆ ಬೀಗ ಹಾಕಲು ಮರಳಿ ಬಂದಾಗ ಫ್ಯಾನು ನಿಂತಿತ್ತು. ಖಾಲಿ ಕುರ್ಚಿಗಳ ನಡುವೆ ಆಕೆ ಮಾತ್ರ ಹಾಗೇ ಕೂತಿದ್ದಳು. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ.

"ಏನಮ್ಮ, ಬಸ್ ಹೊರಡೋ ಹೊತ್ತಾತು. ಏಳಲ್ವಾ?"

"ಅವ್ರು ಚಾ ಕುಡ್ದು ಬರ್ಲಿ, ಸಾರ್."

"ಯಾರು ಬರಬೇಕು? ಸಭೆ ಮುಗೀತಲ್ಲ."

ಆಕೆ ನನ್ನನ್ನು ನೋಡಿದ ನೋಟ ನೆನಪಿದೆ. ಮೊದಲು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ಆಮೇಲೆ ಖಾಲಿ ಕುರ್ಚಿಗಳನ್ನು ಒಂದೊಂದಾಗಿ ನೋಡಿದಳು.

"ಮುಗೀತಾ? ನನ್ನ ಕೇಳ್ಲೇ ಇಲ್ವಲ್ರಿ!"

"ಯಾರದೂ ಆಕ್ಷೇಪ ಇಲ್ಲ ಅಂದ್ರಲ್ಲ. ಆವಾಗ ಹೇಳಬೇಕಿತ್ತು ನೀನು."

"ಅದು ಅವ್ರೇ ಹೇಳ್ಕಂಡಿದ್ದು. ನನ್ನ ಕೇಳಿದ್ದಲ್ಲ."

ಆಗ ಆಕೆಯ ಬಾಯಿಂದ ಹೊರಟ ವಿವರಣೆ ಇಷ್ಟು. ಅವರ ಹಟ್ಟಿಯಲ್ಲಿ ಕಟ್ಟೆಯ ಮೇಲೆ ಕೂಟ ಸೇರಿದರೆ ಒಪ್ಪಿದವರು ಮೊದಲೇ ಹೇಳಿಬಿಡುತ್ತಾರೆ. ಒಪ್ಪದವರು ಕೂಗಾಡುವುದಿಲ್ಲ, ಸುಮ್ಮನೆ ಕೂರುತ್ತಾರೆ. ಯಾರು ಸುಮ್ಮನೆ ಕೂತಿದ್ದಾರೋ ಅವರ ಕಡೆ ಯಜಮಾನ ತಿರುಗಿ "ನೀನೇನಂತಿ?" ಎಂದು ಕೇಳಲೇಬೇಕು. ಕೇಳಿ, ಉತ್ತರ ಬಂದು, ಆ ಮನುಷ್ಯ ತಾನಾಗಿ ಏಳುವತನಕ ಕೂಟ ಮುರಿಯುವಂತಿಲ್ಲ. ಒಬ್ಬ ಕೂತಿದ್ದರೂ ಕೂಟ ನಡೆಯುತ್ತಲೇ ಇದೆ ಎಂದು ಲೆಕ್ಕ.

"ಹೆಂಗಸರನ್ನೂ ಕೇಳ್ತಾರಾ?" ಎಂದೆ.

"ಕೊನೀಗೆ ಕೇಳ್ತಾರೆ. ಆದ್ರೆ ಕೇಳ್ತಾರೆ."

ನಮ್ಮ ನಿಯಮಾವಳಿಯಲ್ಲಿ ಸುಮ್ಮನಿದ್ದವರು ಒಪ್ಪಿದ ಹಾಗೆ. ಆಕೆಯ ಹಟ್ಟಿಯಲ್ಲಿ ಸುಮ್ಮನಿದ್ದವರು ಒಪ್ಪದ ಹಾಗೆ. ಎರಡರ ನಡುವೆ ಬಸ್ಸು ಸಿಕ್ಕಿಕೊಂಡಿತ್ತು. ಬಸ್ಸಿನೊಳಗೆ ಆಕೆ.

ಮರುದಿನ ನಾನು ನಡಾವಳಿಯ ಕರಡಿನಲ್ಲಿ 'ಚರ್ಚಿಸಿ ತೀರ್ಮಾನಿಸಲಾಯಿತು' ಎಂದು ಬರೆದುಕೊಂಡು ಹೋದೆ. ನಿರ್ದೇಶಕರು ಹಸಿರು ಪೆನ್ನಿನಿಂದ 'ಚರ್ಚಿಸಿ' ಎಂಬುದನ್ನು ಹೊಡೆದು 'ಸಿಬ್ಬಂದಿ ಪ್ರತಿನಿಧಿಯೂ ಸೇರಿ ಸರ್ವಾನುಮತದಿಂದ' ಎಂದು ಬರೆದರು. ಅವರು ದುಷ್ಟರಲ್ಲ. ಮಧ್ಯಾಹ್ನದ ಊಟದ ನಂತರ ತುಂಬ ಒಳ್ಳೆಯವರೂ ಹೌದು. ಆದರೆ ಮುಖ್ಯ ಕಚೇರಿಯಿಂದ ಬಸ್ಸಿಗಾಗಿ ಮೇಲಿಂದ ಮೇಲೆ ಫೋನು ಬರುತ್ತಿತ್ತು.

"ಸರ್, ಆಕೆ ಒಪ್ಪಿಲ್ಲವಂತೆ," ಎಂದೆ. ಹಟ್ಟಿಯ ಪದ್ಧತಿಯನ್ನೂ ಹೇಳಿದೆ.

ಅವರು ಕುರ್ಚಿಗೆ ಒರಗಿಕೊಂಡರು. "ಏನ್ರೀ ಇದು? ಬಾಯಿ ಬಿಡದೆ ಕೂತವರೆಲ್ಲ ವಿರೋಧಿಗಳು ಅನ್ನೋದಾದ್ರೆ, ನಮ್ಮ ಮುಖ್ಯಸ್ಥರೆಲ್ಲ ಇಷ್ಟು ವರ್ಷ ನನ್ನ ವಿರೋಧಿಗಳೇ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ನಾನು ಬಾಯಿ ಬಿಡದೆ ನಿಂತೆ.

"ಬೇಕಿದ್ರೆ ಮುಂದಿನ ಸಭೆಯಲ್ಲಿ ನಡಾವಳಿ ದೃಢೀಕರಣಕ್ಕೆ ಬರುತ್ತಲ್ಲ, ಆವಾಗ ಮಾತಾಡಲಿ. ದೃಢೀಕರಣ ಆದ ಮಾರನೇ ದಿನ ಬಸ್ ಕಳಿಸ್ತೀನಿ ಅಂತ ಹೇಳಿಬಿಟ್ಟಿದೀನಿ." ಆಮೇಲೆ ದನಿ ತಗ್ಗಿಸಿ, "ನಿಮಗೆ ನಿವೃತ್ತಿ ಹತ್ತಿರ. ಹಾರ ಹಾಕಿಸ್ಕೊಂಡು ನೆಮ್ಮದಿಯಾಗಿ ಹೋಗಿ," ಎಂದರು.

ಆ ನಡುವಿನ ದಿನಗಳಲ್ಲಿ ಕೇಂದ್ರದಲ್ಲಿ ಯಾರೂ ಜೋರಾಗಿ ಜಗಳವಾಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಬಸ್ಸು ಬಿಟ್ಟುಕೊಡಲು ಆಕೆಯೂ ಒಪ್ಪಿದಳಂತೆ ಎಂಬ ಸುದ್ದಿ ಹಬ್ಬಿತ್ತು. ಬೇವಿನ ಮರದ ಕೆಳಗೆ ಆಕೆ ಬಂದರೆ ಉಳಿದವರಿಗೆ ಕೈ ತೊಳೆಯುವುದು ನೆನಪಾಗುತ್ತಿತ್ತು. ನನ್ನ ಅಕ್ಕನ ಮನೆ ಇರುವುದು ಮೊಳಕಾಲ್ಮೂರಿನಲ್ಲಿ. ಒಂದು ಸಂಜೆ ಅಲ್ಲಿಗೆ ಹೋಗಬೇಕಾಗಿ ಅದೇ ಬಸ್ಸು ಹತ್ತಿದೆ. ಬಸ್ಸು ಒಂದೂ ಮಾತಿಲ್ಲದೆ ಓಡುವುದನ್ನು ನಾನು ಕಂಡಿರಲಿಲ್ಲ. ಡ್ರೈವರ್ ಹೇಳಿದ್ದು ನಿಜ, ಇಂಜಿನ್ನಿಗೆ ಸದ್ದಿತ್ತು; ಬಹಳ ಕೆಟ್ಟ ಸದ್ದು. ಆಕೆ ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಪಕ್ಕದ ಜಾಗ ಖಾಲಿ. ಹಿಂದೆ ಮೂವರು ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದರು.

ತಳಕು ದಾಟಿದ ಮೇಲೆ ಹಾಸ್ಟೆಲಿನ ಅಡುಗೆಯಮ್ಮ ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಅವ್ರಿಗೇನವ್ವ, ಮೀಟಿಂಗ್ ಮನುಷ್ಯರು. ಗೋಡಂಬಿ ಬಿಸ್ಕತ್ ಬಾಯಿಗೆ ಹಾಕಿದ್ರೆ ನಾಲ್ಗೆ ಅಂಟ್ಕಂತೈತೆ."

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಆತನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಏಮಕ್ಕಾ, ಎಂದುಕು ಮಾಟ್ಲಾಡಲೇದು? ಯಾಕೆ ಮಾತಾಡ್ಲಿಲ್ಲ ಹೇಳು. ನಾನೇ ನಿನ್ ಹೆಸ್ರು ಹೇಳಿದ್ದು. ಈಗ ಎಲ್ರೂ ನನ್ ಮಖಕ್ಕೆ ಉಗೀತಾರೆ. ಖಾಯಂ ಮಾಡ್ತೀವಿ ಅಂದ್ರಾ ಸಾಯೇಬ್ರು?"

ಆ ಕೊನೆಯ ಮಾತು ಬಸ್ಸಿನೊಳಗೆ ಬಿದ್ದಾಗ ಹಿಂದಿನ ಸೀಟಿನವರೂ ಮುಂದಕ್ಕೆ ಬಾಗಿದರು. ಆಕೆ ತಿರುಗಿದಳು. ಏನೋ ಹೇಳುತ್ತಾಳೆ ಎಂದುಕೊಂಡೆ. ಆಕೆ ಡ್ರೈವರನ ಹಿಂದಲೆಯನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಕಿಟಕಿಯ ಕಡೆ ತಿರುಗಿದಳು. ಅಷ್ಟೊಂದು ಮಾತಿನ ಹೆಂಗಸು ಅಷ್ಟು ಮಾತನ್ನು ಒಳಗೇ ಇಟ್ಟುಕೊಂಡಳು.

ಮೊಳಕಾಲ್ಮೂರಿನಲ್ಲಿ ಇಳಿದಾಗ ಆಕೆ ನನಗಾಗಿ ನಿಂತಿದ್ದಳು. ದೂರದಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಕಪ್ಪಾಗುತ್ತಿತ್ತು. ಸಿದ್ದಾಪುರದ ಆಟೋದವನು ಹಾರ್ನು ಒತ್ತುತ್ತಿದ್ದ.

"ಸಾರ್, ಬಸ್ ಹೋಗೋದು ಮುಂದಿನ ಸಭೆ ಆದ್ಮೇಲೇನಾ, ಮೊದ್ಲೇನಾ?"

"ಆದ ಮೇಲೆ. ನೋಡಮ್ಮ, ಅವತ್ತು ನಾನು ನಡಾವಳಿ ಓದಿದ ಕೂಡ್ಲೇ ಕೈ ಎತ್ತು. 'ನನ್ನ ಸಮ್ಮತಿ ಇಲ್ಲ' ಅಂದುಬಿಡು. ಮೂರೇ ಮಾತು."

"ಕೇಳ್ದೆ ಕೈ ಎತ್ತೋಕೆ ನಾನೇನ್ ಇಸ್ಕೂಲ್ ಹುಡುಗೀನಾ?"

"ಕೆಲಸ ಹೋಗುತ್ತೆ ನಿಂದು!"

"ಗೊತ್ತೈತೆ." ಆಕೆ ಚೀಲವನ್ನು ಹೆಗಲಿಗೇರಿಸಿದಳು. "ನನ್ನೊಬ್ಳದೇ ಮಾತಾಗಿದ್ರೆ ಅವತ್ತೇ ಬಾಯಿ ಬಡ್ಕಂತಿದ್ದೆ ಸಾರ್. ನಾಕು ಜನದ ಪರವಾಗಿ ಕೂತಾಗ ಬಡ್ಕಂಬಾರ್ದು. ಬಡ್ಕಂಡ್ರೆ, 'ಅದೇನೋ ಹೆಂಗಸು ಅರಚ್ತು' ಅಂತಾರೆ, ಮುಗೀತು. ಅವ್ರು ಕೇಳ್ಬೇಕು, ನಾನ್ ಹೇಳ್ಬೇಕು. ಆವಾಗ ಅದು ಮಾತು."

"ಅವರು ಕೇಳದೇ ಹೋದರೆ?"

"ಕೂತಿರ್ತೀನಿ."

ಆಟೋ ಹೊರಟಿತು. ಅಕ್ಕನ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ರುಚಿ ತಿಳಿಯಲಿಲ್ಲ.

ಎರಡನೆಯ ಸಭೆಯ ದಿನ ಹಣಕಾಸು ಅಧಿಕಾರಿ ತಮ್ಮ ಕಾರಿನಲ್ಲಿ ಇನ್ನೊಬ್ಬ ಡ್ರೈವರನನ್ನೂ ಕರೆತಂದಿದ್ದರು. ಮಾರನೆಯ ದಿನ ಬಸ್ಸನ್ನು ಒಯ್ಯುವುದಕ್ಕೆ. ಆ ಹೊಸ ಡ್ರೈವರ್ ನಮ್ಮ ಬಸ್ಸಿನ ಸುತ್ತ ನಡೆದು, ಟೈರುಗಳನ್ನು ಒದ್ದು ನೋಡುತ್ತಿದ್ದ. ನಮ್ಮ ಡ್ರೈವರ್ ಬೇವಿನ ಮರಕ್ಕೆ ಒರಗಿ, ತನ್ನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರನ್ನು ನೋಡುವ ಹಾಗೆ ನೋಡುತ್ತಿದ್ದ.

ಸಭಾಂಗಣದ ಕಿಟಕಿಯ ಹೊರಗೆ ಸಿಬ್ಬಂದಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ಒಬ್ಬ ಗಿಡಕ್ಕೆ ನೀರು ಹಾಕುತ್ತಿದ್ದ; ಕೊಳವೆಯಲ್ಲಿ ನೀರಿರಲಿಲ್ಲ. ಅಡುಗೆಯಮ್ಮ ಗೋಡೆಗೆ ಒರಗಿ ಅಕ್ಕಿ ಆರಿಸುವ ಮೊರ ಹಿಡಿದು ನಿಂತಿದ್ದಳು; ಮೊರದಲ್ಲಿ ಅಕ್ಕಿಯಿರಲಿಲ್ಲ.

ನಾನು ಎದ್ದು ನಿಂತು ಹಿಂದಿನ ನಡಾವಳಿ ಓದಿದೆ. ಮೂರನೆಯ ವಿಷಯಕ್ಕೆ ಬಂದೆ. "...ಸಿಬ್ಬಂದಿ ಪ್ರತಿನಿಧಿಯೂ ಸೇರಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಓದಿ, ಬೇಕೆಂದೇ ನಿಧಾನವಾಗಿ ಪುಟ ತಿರುಗಿಸಿದೆ. ಆಕೆಯದು ಅದೇ ಹಸಿರು ಸೀರೆ, ಅದೇ ನೆಟ್ಟಗಿನ ಬೆನ್ನು. ಕೈ ಮಡಿಲಲ್ಲಿ. ಎತ್ತಲಿಲ್ಲ.

"ದೃಢೀಕರಿಸಲಾಗಿದೆ," ಎಂದರು ಅಧ್ಯಕ್ಷರು.

ಉಳಿದ ವಿಷಯಗಳು ಬೇಗ ಬೇಗ ಮುಗಿದವು. ಟ್ಯಾಂಕಿನ ಬಗ್ಗೆಯೂ ಯಾರಿಗೂ ಅಭಿಪ್ರಾಯ ಉಳಿದಿರಲಿಲ್ಲ. ಅಧ್ಯಕ್ಷರು ಕಡತ ಮುಚ್ಚಿ, "ಎಲ್ಲರಿಗೂ ಧನ್ಯವಾದ, ಚಹಾ ಇದೆ," ಎಂದು ಎದ್ದರು. ಕುರ್ಚಿಗಳು ಕರಕರ ಎಂದವು. ಎಲ್ಲರೂ ಎದ್ದರು.

ಆಕೆ ಏಳಲಿಲ್ಲ.

ಈ ಹಂತದಲ್ಲಿ ನಾನೇನೋ ಧೈರ್ಯ ಮಾಡಿದೆ ಎಂದು ಯಾರೂ ತಿಳಿಯಬಾರದು. ನಮ್ಮ ನಡಾವಳಿ ಪುಸ್ತಕದ ಪ್ರತಿ ಸಭೆಯ ಕೊನೆಗೆ 'ಸಭೆ ಮುಗಿದ ವೇಳೆ' ಎಂದು ಅಚ್ಚಾದ ಒಂದು ಸಾಲು ಇರುತ್ತದೆ. ಅದನ್ನು ತುಂಬುವುದು ನನ್ನ ಕೆಲಸ, ತುಂಬಿದ ಮೇಲೆ ಅಧ್ಯಕ್ಷರ ಸಹಿ. ಸೇವೆಗೆ ಸೇರಿದಾಗಿನಿಂದ ಆ ಸಾಲನ್ನು ನಾನು ಖಾಲಿ ಬಿಟ್ಟವನಲ್ಲ, ಸುಳ್ಳೂ ಬರೆದವನಲ್ಲ. ಗಡಿಯಾರ ನೋಡಿದೆ, ಪೆನ್ನು ಹಾಳೆಗೆ ತಾಗಿಸಿದೆ, ಪಕ್ಕಕ್ಕೆ ನೋಡಿದೆ. ಕೈ ಮುಂದೆ ಹೋಗಲಿಲ್ಲ.

"ಸರ್," ಎಂದೆ.

ಅಧ್ಯಕ್ಷರು ಬಾಗಿಲಲ್ಲಿ ತಿರುಗಿದರು.

"ಸಭೆ ಮುಗಿದ ವೇಳೆ ಏನೆಂದು ನಮೂದಿಸಲಿ? ಒಬ್ಬರು ಸದಸ್ಯರು ಇನ್ನೂ ಕೂತಿದ್ದಾರೆ."

ಕಿಟಕಿಯ ಹೊರಗೆ ಗಿಡಕ್ಕೆ ನೀರು ಹಾಕುತ್ತಿದ್ದವನು ಕೊಳವೆಯನ್ನೇ ಮರೆತಿದ್ದ.

"ಅವರಿಗೆ ಏಳೋಕೆ ಹೇಳ್ರೀ."

"ಸದಸ್ಯರಿಗೆ ಸೂಚನೆ ಕೊಡುವ ಅಧಿಕಾರ ಕಾರ್ಯದರ್ಶಿಗೆ ಇಲ್ಲ, ಸರ್. ಅಧ್ಯಕ್ಷರಿಗೆ ಮಾತ್ರ."

ಅವರ ಮುಖ ಕೆಂಪೇರಿತು. ನನ್ನ ಕೊರಳಿನ ಹಾರ ಅಲ್ಲೇ ಬಾಡಿದ್ದು ನನಗೆ ಕಾಣಿಸಿತು. ಹಣಕಾಸು ಅಧಿಕಾರಿ ಗಡಿಯಾರ ನೋಡಿಕೊಂಡು, "ಏನ್ ಸರ್ ಇದು ನಾಟಕ, ನಾನು ಕತ್ತಲಾಗೋದ್ರೊಳಗೆ ತಲುಪಬೇಕು," ಎಂದರು. ಮುಖ್ಯಸ್ಥರು ಹೋಗಬೇಕೋ ಕೂರಬೇಕೋ ತಿಳಿಯದೆ ಕುರ್ಚಿಯ ಬೆನ್ನು ಹಿಡಿದು ನಿಂತರು.

ಅಧ್ಯಕ್ಷರು ಎರಡು ಹೆಜ್ಜೆ ಒಳಗೆ ಬಂದರು. "ಏನಮ್ಮಾ? ಏನಾಗಬೇಕು ನಿಮಗೆ?"

"ನಂಗೇನೂ ಆಗ್ಬೇಕಿಲ್ಲ ಸಾರ್. ಸಭೆ ಮುಗಿದಿಲ್ಲ, ಅದ್ಕೆ ಕೂತಿದೀನಿ."

"ಮುಗೀತು ಅಂತ ನಾನು ಹೇಳಿದೆನಲ್ಲ."

"ನೀವ್ ಹೇಳಿದ್ರಿ. ನನ್ನ ಕೇಳ್ಲಿಲ್ಲ."

"ಸರಿ, ಈಗ ಕೇಳ್ತಾ ಇದೀನಿ. ಹೇಳಿ."

"ನಿಂತ್ಕಂಡು ಕೇಳಿದ್ರೆ ಹೋಗೋರು ಕೇಳಿದಂಗೆ ಸಾರ್. ಕೂತ್ಕಂಡು ಕೇಳ್ರಿ."

ಇದನ್ನು ಆಕೆ ಉದ್ಧಟತನದಿಂದ ಹೇಳಲಿಲ್ಲ. ಮನೆಗೆ ಬಂದ ನೆಂಟರಿಗೆ ಚಾಪೆ ಹಾಸಿ ಹೇಳುವ ದನಿಯಲ್ಲಿ ಹೇಳಿದಳು. ಬಹುಶಃ ಅದಕ್ಕೇ ನಿರ್ದೇಶಕರಿಗೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಅವರು ಕಿಟಕಿಯ ಕಡೆ ನೋಡಿದರು. ಅಲ್ಲಿದ್ದ ಮುಖಗಳನ್ನು ನೋಡಿದರು. ನನ್ನ ಪೆನ್ನನ್ನು ನೋಡಿದರು. ಆಮೇಲೆ ಮೇಜಿನ ತಲೆಗೆ ನಡೆದು, ಕುರ್ಚಿ ಎಳೆದು, ಕೂತರು. ಅವರು ಕೂತರೆಂದು ಮುಖ್ಯಸ್ಥರೂ ಕೂತರು. ಹಣಕಾಸು ಅಧಿಕಾರಿ ಕೊನೆಗೆ ಕೂತರು, ಕುರ್ಚಿಯ ಅಂಚಿನಲ್ಲಿ.

"ಮೂರನೇ ವಿಷಯಕ್ಕೆ," ಎಂದರು ಅಧ್ಯಕ್ಷರು. ದನಿ ಬದಲಾಗಿತ್ತು. "ನೀವೇನಂತೀರಿ?"

ಆಕೆ ಸೆರಗು ಸರಿಮಾಡಿಕೊಂಡಳು.

"ನಾನ್ ಒಪ್ಪಲ್ಲ ಸಾರ್. ಬಸ್ ಹೋದ್ರೆ ನನ್ ಕೆಲ್ಸ ಹೋಗ್ತೈತೆ. ಅದು ನಿಮ್ ಕೈಲೈತೆ, ತಗೀರಿ, ನಾನೇನ್ ಮಾಡಾಕಾಗಲ್ಲ. ಆದ್ರೆ ನಾನೇ ಒಪ್ಪಿ ಕಳ್ಕಂಡೆ ಅಂತ ಬರ್ದೀರಲ್ಲ, ಅದನ್ನ ಮಾತ್ರ ಬರೀಬ್ಯಾಡ್ರಿ. ನಮ್ಮತ್ತೀಗೆ ಏನ್ ಹೇಳ್ಲಿ? ಈ ಕಿಟ್ಕಿ ಹೊರಗಿರೋರ ಜತೆ ಒಂದ್ ಬಸ್ಸಲ್ಲಿ ಹೆಂಗ್ ಕೂರ್ಲಿ? ಅಷ್ಟೇ ನಂದು."

ಅಷ್ಟೇ ಇತ್ತು. ಮೊಳಕಾಲ್ಮೂರಿನಿಂದ ಚಳ್ಳಕೆರೆಯವರೆಗೆ ಮಾತಾಡಬಲ್ಲ ಹೆಂಗಸು ಇಷ್ಟರಲ್ಲಿ ಮುಗಿಸಿದಳು. ಮೊರ ಹಿಡಿದಿದ್ದ ಅಡುಗೆಯಮ್ಮ ಮುಖದ ಮುಂದೆ ಮೊರ ಹಿಡಿದುಕೊಂಡಳು.

ಮೊದಲು ಮಾತಾಡಿದ್ದು ಹಣಕಾಸು ಅಧಿಕಾರಿ, ನನ್ನ ಕಡೆ ತಿರುಗಿ: "ದೃಢೀಕರಣ ಆಗಿಹೋಯ್ತಲ್ಲ. ಸಭೆ ಮುಗಿದ ಮೇಲೆ ಹೇಳಿದ್ದು ಲೆಕ್ಕಕ್ಕಿಲ್ಲ."

"ಸಭೆ ಮುಗಿದ ವೇಳೆ ಇನ್ನೂ ನಮೂದಾಗಿಲ್ಲ, ಸರ್," ಎಂದು ನಾನು ಪುಸ್ತಕ ತಿರುಗಿಸಿ ತೋರಿಸಿದೆ. "ಅಧ್ಯಕ್ಷರು ಈಗ ತಾನೇ ಆಸೀನರಾಗಿ ಪ್ರಶ್ನೆಯನ್ನೂ ಕೇಳಿದ್ದಾರೆ."

ಅಧ್ಯಕ್ಷರು ನನ್ನನ್ನು ನೋಡಿದ ನೋಟದಲ್ಲಿ ಕೋಪ ಎಷ್ಟಿತ್ತು, ಬಿಡುಗಡೆ ಎಷ್ಟಿತ್ತು ಎಂದು ಇವತ್ತಿಗೂ ಹೇಳಲಾರೆ. "ಪ್ರತಿನಿಧಿಯ ಸಮ್ಮತಿ ಇಲ್ಲ ಅಂತ ಬರಕೊಳ್ಳಿ," ಎಂದರು. "ಷರತ್ತಿನ ಪ್ರಕಾರ ವಿಷಯ ಪರಿಷತ್ತಿಗೆ ಹೋಗಲಿ. ಅಲ್ಲೀತನಕ ಬಸ್ ಇದ್ದ ಹಾಗೇ ಓಡಲಿ."

"ಪರಿಷತ್ತಿಗಾ?" ಎಂದು ಹಣಕಾಸು ಅಧಿಕಾರಿ ನರಳಿದರು. ಟಾರ್ಚಿನ ಕತೆ ಅವರಿಗೂ ಗೊತ್ತಿದ್ದಿರಬೇಕು.

ನಾನು ಬರೆದುಕೊಂಡೆ. ಅಧ್ಯಕ್ಷರು ಇನ್ನೂ ಏಳಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದರು, ಹೊಸ ಕುರ್ಚಿಯ ಕಡೆ. ಆಗ ಆಕೆ ಮೇಜಿಗೆ ಕೈಯೂರಿ ಎದ್ದಳು. ಆಮೇಲೆ ಅವರು ಎದ್ದರು. ನಾನು ಗಡಿಯಾರ ನೋಡಿ ಸಾಲು ತುಂಬಿದೆ.

ಹಾರದ ವಿಷಯ: ಬೀಳ್ಕೊಡುಗೆಗೆ ಮೊದಲೇ ನನ್ನನ್ನು ಪರೀಕ್ಷಾ ವಿಭಾಗದ ಉಗ್ರಾಣಕ್ಕೆ ವರ್ಗಾಯಿಸಿದರು. ಅಲ್ಲಿ ಖಾಲಿ ಉತ್ತರ ಪತ್ರಿಕೆಗಳೊಂದಿಗೆ ನಾನು ಸುಖವಾಗಿದ್ದೆ. ಬೇಸಿಗೆಯಲ್ಲಿ ಆಕೆಯ ಗುತ್ತಿಗೆ ನವೀಕರಣವಾಯಿತು. ಬಸ್ಸಿನ ವಿಷಯ ಪರಿಷತ್ತಿನಲ್ಲಿದೆ. ಒಂದಲ್ಲ ಒಂದು ದಿನ ಅಲ್ಲಿಂದ ಹೊರಬರಬಹುದು ಎಂಬ ಭಯವೂ ಬೇವಿನ ಮರದ ಕೆಳಗೆ ಇದೆ.

ಆದರೆ ಆ ಸಂಜೆಯ ಮಾತು. ಹಣಕಾಸು ಅಧಿಕಾರಿಯ ಕಾರು ಇಬ್ಬರು ಡ್ರೈವರುಗಳ ಸಮೇತ ಹೋದ ಮೇಲೆ, ನಮ್ಮ ಬಸ್ಸು ಗೇಟಿನ ಬಳಿ ಬಂದು ನನ್ನ ಪಕ್ಕದಲ್ಲಿ ನಿಂತಿತು. ಒಳಗಿನಿಂದ ಬರುತ್ತಿದ್ದ ದನಿ ಇಂಜಿನ್ನನ್ನು ಪೂರ್ತಿ ನುಂಗಿತ್ತು. ಗೋಡಂಬಿ ಬಿಸ್ಕತ್ತಿನ ಬಗ್ಗೆ, ಖಾಯಂ ಮಾಡುವ ಸಾಹೇಬರ ಬಗ್ಗೆ, ಕನ್ನಡಿಯಲ್ಲಿ ನೋಡಿ ಬಸ್ ಓಡಿಸುವವರ ಬಗ್ಗೆ, ಅಷ್ಟು ದಿನ ಕೂಡಿಟ್ಟದ್ದೆಲ್ಲ ಹೊರಬರುತ್ತಿತ್ತು. ಆಕೆಯ ಪಕ್ಕದಲ್ಲಿ ಅಡುಗೆಯಮ್ಮ ತಲೆ ತಗ್ಗಿಸಿ ಕೂತಿದ್ದಳು.

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ.

"ಸಾರ್, ಇನ್ನೊಂದ್ ಸಭೆ ಇದ್ರೆ ಈಗ್ಲೇ ಕರೀರಿ ಸಾರ್. ತಳಕಿನತನಕ ಆದ್ರೂ ಈವಮ್ಮ ಸುಮ್ನೆ ಕೂತಿರ್ಲಿ."